ಮಾವನವರ ಉಸಿರಿಗೆ ಬರೆದ ಮಟ್ಟುಗಳು

ಸ್ಯಾಕ್ಸೋಫೋನನ್ನು ನಾನು ಒಂದು ದಿನವೂ ಊದಿದವಳಲ್ಲ. ಒಮ್ಮೆ ಬಾಯಿಗಿಟ್ಟು ನೋಡೋಣ ಎಂದು ಆಸೆಯಾಗಿದ್ದು ನಿಜ. ಆದರೆ ಅದು ಮಾವನವರ ಬಾಯಿ ತಾಗಿದ ವಾದ್ಯ. ಸೊಸೆಯಾದವಳು ಅದನ್ನು ಮುಟ್ಟಿದ್ದರೆ ಅತ್ತೆಯವರು ಮೂರು ದಿನ ಮಾತು ಬಿಡುತ್ತಿದ್ದರು. ಹೀಗಿದ್ದರೂ ಎಷ್ಟೋ ಮದುವೆ ಕಾಲ ಅದಕ್ಕೆ ಮಟ್ಟು ಬರೆದು ಕೊಟ್ಟವಳು ನಾನೇ. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ನಾಲ್ಕು ತಾಲ್ಲೂಕಿನ ಬೀಗರು ನಾನು ಬರೆದ ಮಟ್ಟಿಗೆ ಹೆಜ್ಜೆ ಹಾಕಿಕೊಂಡು ಚಪ್ಪರಕ್ಕೆ ಬಂದಿದ್ದಾರೆ. ಇದನ್ನು ಬರೆದದ್ದು ಒಲೆಯ ಮುಂದೆ ಕೂತ ಹೆಂಗಸು ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ ಬಿಡಿ.

ನನ್ನ ತವರು ಹುಣಸೂರು. ಅಪ್ಪ ಹಾರ್ಮೋನಿಯಂ ಮೇಷ್ಟ್ರು; ಹಳ್ಳಿಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಬೆಳಿಗ್ಗೆಯೆಲ್ಲ ಉತ್ತು ಬಂದ ಒಕ್ಕಲು ಮಕ್ಕಳಿಗೆ ಸಂಜೆ ದುರ್ಯೋಧನನ ಮೀಸೆ ತಿರುವುವುದನ್ನು ಹೇಳಿಕೊಡುವ ಕೆಲಸ. ಅಪ್ಪನ ಅಕ್ಷರ ಅಪ್ಪನಿಗೇ ಓದಲು ಬರುತ್ತಿರಲಿಲ್ಲ, ಹಾಗಾಗಿ ಹಾಡುಗಳ ಸ್ವರ ಬರೆದಿಡುವುದು ನನ್ನ ಪಾಲಿಗೆ ಬಂತು. ಸರಿಗಮದ ಅಕ್ಷರ, ಮೇಲಿನ ಸ್ಥಾಯಿಗೆ ತಲೆಯ ಮೇಲೊಂದು ಚುಕ್ಕೆ, ಕೆಳಗಿನದಕ್ಕೆ ಕಾಲ ಬುಡದಲ್ಲೊಂದು ಚುಕ್ಕೆ, ಎಳೆಯಬೇಕಾದ ಕಡೆ ಪಕ್ಕದಲ್ಲಿ ಒಂದು ಅಲ್ಪವಿರಾಮ, ಆವರ್ತ ಮುಗಿದರೆ ಎರಡು ನಿಲುಗೆರೆ. ಹನ್ನೆರಡು ವರ್ಷಕ್ಕೆಲ್ಲ ನನ್ನ ಕೈ ಎಷ್ಟು ಪಳಗಿತ್ತೆಂದರೆ, ಯಾರಾದರೂ ಹಾಡಿಕೊಂಡು ಬೀದಿಯಲ್ಲಿ ಹೋದರೆ ನನಗೆ ಕಣ್ಣ ಮುಂದೆ ಅಕ್ಷರಗಳೇ ಹೋಗುತ್ತಿದ್ದವು.

ಕೊಟ್ಟಿದ್ದು ಕೆ.ಆರ್. ನಗರದ ಒಂದು ವಾದ್ಯದ ಮನೆಗೆ. ಮಾವನವರು ಆ ಊರನ್ನು ಕೊನೆಯವರೆಗೂ ಹಳೆಯ ಹೆಸರಿನಿಂದ ಎಡತೊರೆ ಎಂದೇ ಕರೆದರು. ಅವರು ಮೂಲತಃ ಓಲಗದವರು. ನಮ್ಮ ಯಜಮಾನರಿಗೆ ಹೊಸ ಕಾಲದ ಹುಚ್ಚು. ನಾಲ್ಕು ಜನರನ್ನು ಕಟ್ಟಿಕೊಂಡು ಬ್ಯಾಂಡ್‌ಸೆಟ್ ಮಾಡಿದ್ದರು. ಎರಡು ಕ್ಲಾರಿನೆಟ್, ಒಂದು ಕಾರ್ನೆಟ್, ಒಂದು ಸಣ್ಣ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ಎಲ್ಲರಿಗೂ ಕೆಂಪು ಕೋಟು. ಮಗ ಕೋಟು ಹಾಕಿಕೊಂಡು ಬೀದಿಗೆ ಹೋದರೆ ಅಪ್ಪ ಮನೆಯಲ್ಲಿ ಓಲಗ ಒರೆಸಿಕೊಂಡು ಕೂರುವುದೇ? ಕೂರಲಿಲ್ಲ. ಕೊಡಗು ಇನ್ನೂ ಮೈಸೂರಿಗೆ ಸೇರಿರದ ಆ ದಿನಗಳಲ್ಲಿ, ಅಲ್ಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದ ಸ್ಯಾಕ್ಸೋಫೋನ್ ಅವನ ಅಡುಗೆಯವನ ಕೈಗೆ ಬಂದಿತ್ತು. ಪಿರಿಯಾಪಟ್ಟಣದ ಸಂತೆಯಲ್ಲಿ ಆ ಅಡುಗೆಯವನನ್ನು ಹಿಡಿದು, ಹಾಲು ಕರೆಯುವ ಎಮ್ಮೆಯನ್ನು ಅವನಿಗೆ ಕೊಟ್ಟು, ಮಾವನವರು ಅದನ್ನು ತಂದುಬಿಟ್ಟರು. ಎಮ್ಮೆ ಕೊಟ್ಟು ಸೊಂಡಿಲು ತಂದ ಗಂಡ ಎಂದು ಅತ್ತೆಯವರು ಕೊನೆಯವರೆಗೂ ಆಡಿಕೊಂಡರು.

ಅರವತ್ತರ ಹತ್ತಿರದ ಮನುಷ್ಯ ಮೂರು ತಿಂಗಳು ಕೊಟ್ಟಿಗೆಯಲ್ಲಿ ಕೂತು ಅದನ್ನು ಒಲಿಸಿಕೊಂಡರು. ಓಲಗದಲ್ಲಿ ಬೆರಳಿನ ಕೆಳಗೆ ಸ್ವರ ಜಾರುತ್ತದೆ. ಇದರಲ್ಲಿ ಕೀಗಳು ಸ್ವರವನ್ನು ಕತ್ತರಿಸಿ ಕತ್ತರಿಸಿ ಕೊಡುತ್ತವೆ. ಅವರು ತುಟಿಯಿಂದಲೇ ಆ ಜಾರುವಿಕೆ ತಂದರು. ಕೆಂಪು ಕೋಟು ಹಾಕಿಕೊಂಡರು, ಆದರೆ ಬ್ಯಾಂಡಿನ ಟೋಪಿ ಬೇಡವೆಂದು ಪೇಟವನ್ನೇ ಸುತ್ತಿದರು. ಒಂದೇ ವರ್ಷಕ್ಕೆ ಸೆಟ್ಟಿನ ಯಜಮಾನಿಕೆ ಮಗನಿಂದ ಅಪ್ಪನಿಗೆ ಹೋಯಿತು. ಯಾರೂ ಕೊಡಲಿಲ್ಲ, ತಾನಾಗಿ ಹೋಯಿತು.

ನಾನು ಆ ಮನೆಗೆ ಬಂದಾಗ ಅವರೆಲ್ಲ ಪಡಸಾಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಕೇಳಿದ್ದು, ಹೋಟೆಲಿನ ಗ್ರಾಮಫೋನಿನಲ್ಲಿ ಕೇಳಿದ್ದು, ಯಾರಿಗೆ ಎಷ್ಟು ನೆನಪೋ ಅಷ್ಟು. ನಾಲ್ಕು ಜನ ಊದಿದರೆ ನಾಲ್ಕು ಹಾಡು. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ ಎಲ್ಲಾ ಹೊತ್ತಿನಲ್ಲೂ ಊದುತ್ತಿದ್ದರು. ಒಬ್ಬ ಸುಮ್ಮನಿದ್ದರೆ ಇನ್ನೊಬ್ಬ ಕೇಳಿಸುತ್ತಾನೆ ಎಂಬ ಸಣ್ಣ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ. ಒಳಗೆ ಮುದ್ದೆ ತೊಳಸುತ್ತಿದ್ದ ನನಗೆ ಮೈ ಉರಿಯುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಎಂಟು ದಿನ ಸಹಿಸಿಕೊಂಡೆ. ಒಂಬತ್ತನೇ ದಿನ ಒಂದು ಹಾಳೆಯಲ್ಲಿ ಯಾರು ಎಲ್ಲಿ ಊದಬೇಕು, ಯಾರು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಬರೆದು ಯಜಮಾನರ ಕೈಗೆ ಕೊಟ್ಟೆ.

ನಮ್ಮ ಕಡೆ ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ಮಾತಾಡುವುದಂತೂ ದೂರ. ಅವರು ಹೊರಗಿನಿಂದ ಬಂದರೆ ಕೆಮ್ಮುತ್ತಾರೆ, ನಾವು ಬಾಗಿಲ ಹಿಂದೆ ಸರಿಯುತ್ತೇವೆ. ಹಾಗಾಗಿ ಹಾಳೆ ಗಂಡನ ಕೈಯಲ್ಲಿ ಹೋಯಿತು, ಅದೇ ಕೈಯಲ್ಲಿ ವಾಪಸು ಬಂತು. ಒಂದು ಕಡೆ ನಾನು ಬರೆದ ನಿಷಾದವನ್ನು ಹೊಡೆದು ಧೈವತ ಮಾಡಿದ್ದರು, ಪೆನ್ಸಿಲಿನಲ್ಲಿ. ಸಿಟ್ಟು ಬಂತು. ಹಾಡಿ ನೋಡಿದೆ. ಅವರದ್ದೇ ಸರಿ. ಅಲ್ಲಿಂದ ಮುಂದೆ ನಾವಿಬ್ಬರೂ ಹೀಗೆಯೇ ಮಾತಾಡಿಕೊಂಡದ್ದು: ನಾನು ಮಸಿಯಲ್ಲಿ, ಅವರು ಪೆನ್ಸಿಲಿನಲ್ಲಿ.

ಮೊದಲ ದೊಡ್ಡ ತಪ್ಪು ನನ್ನದೇ. ಹಾರನಹಳ್ಳಿಯ ಮದುವೆಗೆಂದು ಕಾಂಬೋಧಿಯಲ್ಲಿ ಒಂದು ಮೆರವಣಿಗೆ ಮಟ್ಟು ಕಟ್ಟಿದೆ. ಬಹಳ ಚೆನ್ನಾಗಿ ಬಂದಿದೆ ಎಂದು ನನಗೆ ನಾನೇ ಶಭಾಸ್ ಹೇಳಿಕೊಂಡೆ. ಎಲ್ಲೂ ಕಡಿಯದೆ, ಒಂದರಿಂದ ಒಂದು ಹುಟ್ಟಿಕೊಂಡು, ಹಾಳೆಯ ತಲೆಯಿಂದ ಬುಡದವರೆಗೆ ಒಂದೇ ಎಳೆ. ಹಾರ್ಮೋನಿಯಂ ಮನೆಯಲ್ಲಿ ಬೆಳೆದವಳು ನಾನು; ಎಡಗೈ ತಿದಿ ಒತ್ತುತ್ತಿದ್ದರೆ ಸ್ವರ ನಿಲ್ಲುವ ಪ್ರಶ್ನೆಯೇ ಇಲ್ಲ. ಮಾವನವರಿಗೋ ಬರೆದದ್ದೆಂದರೆ ಬರೆದದ್ದೇ. ಹೊಸ ವಿದ್ಯೆ, ಹೀಗೇ ಇರಬೇಕೇನೋ ಎಂದು ಬರೆದಂತೆ ಊದಲು ಹೋಗಿದ್ದಾರೆ. ಊರ ಅರಳಿಕಟ್ಟೆ ಬರುವ ಹೊತ್ತಿಗೆ ಮುಖ ಕೋಟಿನ ಬಣ್ಣಕ್ಕೆ ತಿರುಗಿ, ಕಾಲು ತಡವರಿಸಿ, ಬೀಗರ ಗಾಡಿಯ ಮೂಕಿಯ ಮೇಲೆ ಕೂರಬೇಕಾಯಿತಂತೆ. ಗಂಡಿನವರು ಮಜ್ಜಿಗೆ ತರಿಸಿ ಕುಡಿಸಿದರಂತೆ. ಹಾಳೆ ವಾಪಸು ಬಂದಾಗ ಅಂಚಿನಲ್ಲಿ ಒಂದೇ ಸಾಲು ಇತ್ತು: "ತಿದಿ ಇರಾದು ಪೆಟ್ಗೆಗೆ ಕಣವ್ವ. ನಂಗಿರಾದು ಎದೆ."

ನಾಚಿಕೆಯಿಂದ ಸತ್ತೇ ಹೋದೆ. ಆಮೇಲೆ ಹಟ ಹುಟ್ಟಿತು. ಬ್ಯಾಂಡಿನವರು ಕೂತು ಊದುವುದಿಲ್ಲ, ನಡೆಯುತ್ತಾ ಊದುತ್ತಾರೆ. ಆದ್ದರಿಂದ ನಾನೂ ನಡೆದೇ ಅಳೆಯಬೇಕು. ಬಾವಿಯಿಂದ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು, ಬಾಯೊಳಗೇ ಮಟ್ಟು ಗುನುಗಿಕೊಂಡು, ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ಹೆಜ್ಜೆ ಎಣಿಸುತ್ತಿದ್ದೆ. ಹದಿನಾರು ಹೆಜ್ಜೆ, ಎಂದರೆ ಆದಿತಾಳದ ಎರಡು ಆವರ್ತ, ಒಂದು ಉಸಿರಿಗೆ ಸಲೀಸು. ಅಲ್ಲಿ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಕೊಕ್ಕೆ ಹಾಕುತ್ತಿದ್ದೆ. ಕೊಕ್ಕೆ ಇದ್ದ ಕಡೆ ಉಸಿರು ತೆಗೆದುಕೊಳ್ಳಬೇಕು. ಪಕ್ಕದ ಮನೆಯವರು ನಾನು ಕೊಡ ಹೊತ್ತು ಅಂಗಳದಲ್ಲಿ ನಾಲ್ಕು ಸಲ ಸುತ್ತುವುದನ್ನು ನೋಡಿ, ಹುಣಸೂರಿನ ಹುಡುಗಿಗೆ ಏನೋ ಹರಕೆ ಇರಬೇಕೆಂದು ಅತ್ತೆಯವರನ್ನು ಕೇಳಿದ್ದರು.

ಇನ್ನೊಂದು ತಾಪತ್ರಯ, ಹಾಳೆಯನ್ನು ಇಡುವುದೆಲ್ಲಿ ಎಂಬುದು. ನಡೆಯುವವನ ಎರಡು ಕೈಯೂ ವಾದ್ಯದ ಮೇಲೆ. ಯಜಮಾನರು ಒಂದು ಉಪಾಯ ಮಾಡಿದರು. ಸಣ್ಣ ಡ್ರಮ್ಮಿನವನನ್ನು ಎಲ್ಲರಿಗಿಂತ ಮುಂದೆ ನಡೆಸಿ, ಅವನ ಕೋಟಿನ ಬೆನ್ನಿಗೆ ಹಾಳೆಯನ್ನು ಪಿನ್ನು ಹಾಕಿ ಸಿಕ್ಕಿಸುವುದು. ಸರಿಗಮವಾದ್ದರಿಂದ ಎಲ್ಲರಿಗೂ ಒಂದೇ ಹಾಳೆ ಸಾಕು. ಕ್ಲಾರಿನೆಟ್ಟಿನವನು ತನ್ನ ಷಡ್ಜ ತನ್ನ ವಾದ್ಯದಲ್ಲಿ ಹುಡುಕಿಕೊಳ್ಳುತ್ತಾನೆ, ಸ್ಯಾಕ್ಸೋಫೋನಿನವರು ತಮ್ಮದರಲ್ಲಿ. ನಾನು ಹುಣಸೆಬೀಜದ ಗಾತ್ರಕ್ಕೆ ಅಕ್ಷರ ದಪ್ಪ ಮಾಡಿದೆ. ಆದರೆ ಆ ಡ್ರಮ್ಮಿನವನು ಮಹಾ ಸ್ನೇಹಜೀವಿ. ದಾರಿಯಲ್ಲಿ ಪರಿಚಯದವರು ಕಂಡರೆ ಪೂರ್ತಿ ತಿರುಗಿ ನಿಂತು ಯೋಗಕ್ಷೇಮ ಕೇಳುವವನು. ಅವನು ತಿರುಗಿದ ಕೂಡಲೇ ಹಿಂದಿನವರ ಹಾಡು ನಿಂತುಹೋಗುತ್ತಿತ್ತು. ಕೆಲವು ಊರುಗಳಲ್ಲಿ ಮಟ್ಟು ಪೂರ್ತಿಯಾಗಲಿ ಎಂದು ನಾಲ್ಕು ಜನ ಅವನ ಬೆನ್ನಿನ ಹಿಂದೆ ಸುತ್ತು ಹಾಕಿಕೊಂಡು ಊದಿದ್ದೂ ಉಂಟು. ನನ್ನ ಮಟ್ಟುಗಳೆಲ್ಲ ಹಗಲಿನ ಎದುರುಗೊಳ್ಳುವ ಶಾಸ್ತ್ರಕ್ಕೆ ಮಾತ್ರ. ಕತ್ತಲಾದರೆ ಬೆನ್ನು ಕಾಣುವುದಿಲ್ಲವಲ್ಲ.

ಹೀಗೆ ಮೂರು ನಾಲ್ಕು ವರ್ಷ ಬಹಳ ಖುಷಿಯಲ್ಲಿ ಕಳೆದವು. ಪೆನ್ಸಿಲಿನ ತಿದ್ದುಪಡಿಗಳು ಕಡಿಮೆಯಾದವು. ಒಮ್ಮೆ ಹಿಂದೋಳದ ಹಾಳೆಯ ಕೆಳಗೆ "ಚೆಂದಾಗದೆ" ಎಂದು ಬರೆದು ಕಳಿಸಿದ್ದರು. ಆ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆಮೇಲೆ ಪೆನ್ಸಿಲ್ ಬೇರೆಯೇ ಒಂದು ಕೆಲಸ ಶುರು ಮಾಡಿತು. ನಾನು ಹದಿನಾರು ಹೆಜ್ಜೆಗೆ ಹಾಕಿದ ಕೊಕ್ಕೆಯ ನಡುವೆ, ಎಂಟನೇ ಹೆಜ್ಜೆಗೆ ಇನ್ನೊಂದು ಕೊಕ್ಕೆ. ಮುಂದಿನ ವರ್ಷ ಐದು ಹೆಜ್ಜೆಗೊಂದು, ನಾಲ್ಕಕ್ಕೊಂದು. ಮನೆಯಲ್ಲಿ ಅವರ ಕೆಮ್ಮು ನನಗೆ ಕೇಳುತ್ತಿರಲಿಲ್ಲ ಎಂದಲ್ಲ; ಅದು ನನ್ನನ್ನು ಬಾಗಿಲ ಹಿಂದೆ ಸರಿಸುವ ಕೆಮ್ಮು ಎಂದೇ ತಿಳಿದಿದ್ದೆ. ಹಾಳೆ ನೋಡಿದ ಮೇಲೆ ಗೊತ್ತಾಯಿತು, ಮಾವನವರ ಉಸಿರು ಮುಗಿಯುತ್ತಾ ಬಂದಿದೆ ಎಂದು. ಬೆಳಿಗ್ಗೆ ವಾದ್ಯವನ್ನು ಊದಿ ಬೆಚ್ಚಗೆ ಮಾಡುವ ಕೆಲಸವನ್ನೂ ಅವರು ಮಗನಿಗೆ ಬಿಟ್ಟಿದ್ದರು. ಇರುವ ಉಸಿರು ಅದಕ್ಕೆ ದಂಡವಾಗಬಾರದು ಎಂದು.

ಬೀದಿಯಲ್ಲಿ ಇದು ಎಷ್ಟು ದಿನ ಮುಚ್ಚಿಕೊಂಡಿರುತ್ತದೆ? ಓಲಗದಲ್ಲಿ ಪಕ್ಕದವನು ಶ್ರುತಿ ಹಿಡಿದಿರುತ್ತಾನೆ, ಊದುವವನು ನಿಂತರೂ ನಾದ ನಿಲ್ಲುವುದಿಲ್ಲ. ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನಿಂತರೆ ಅದು ಎಲ್ಲರಿಗೂ ಗೊತ್ತಾಗುತ್ತದೆ. ಎಚ್.ಡಿ. ಕೋಟೆಯ ಕಡೆಯ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ, ಮುದುಕ ಊದುತ್ತಿದ್ದಾನೋ ಉಬ್ಬಸ ಪಡುತ್ತಿದ್ದಾನೋ ಎಂದು ಎಲ್ಲರ ಎದುರು ನಕ್ಕನಂತೆ. ಮಾವನವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಉಳಿದವರಿಗೆಲ್ಲ ಕೇಳಿಸಿತು. ಮನೆಗೆ ಬಂದ ಯಜಮಾನರು ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಸೆಟ್ಟಿನವರೆಲ್ಲ ಮಾತಾಡಿಕೊಂಡಾಗಿತ್ತು. ಅಪ್ಪ ಇನ್ನು ಸಾಕು ಮಾಡಲಿ, ಆದರೆ ಅದನ್ನು ಅವರಿಗೆ ಹೇಳುವ ಎದೆ ಯಾರಿಗೂ ಇಲ್ಲ.

"ನೀನೇ ಬರೀತೀಯಲ್ಲ, ಮುಂದಿನ ಮಟ್ಟಲ್ಲಿ ಅಪ್ಪಂಗೆ ಜಾಗನೇ ಇಡಬ್ಯಾಡ ಕಣೆ. ಅವರೇ ತಿಳ್ಕತಾರೆ. ನನ್ ಬಾಯಲ್ಲಿ ಯೋಳಕಾಗಾಕಿಲ್ಲ," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮಪ್ಪನ್ನ ಎಬ್ಬಿಸಿ ಕಳ್ಸಾಕೆ ನನ್ ಕೈನೇ ಬೇಕಾಗಿತ್ತಾ? ನಾನ್ ಬರೆಯಾಕಿಲ್ಲ ಕಣ್ರೀ. ಬೇಕಾದ್ರೆ ನೀವೇ ಓಗಿ ಯೋಳಿ," ಎಂದು ಸಾರಿನ ಸೌಟು ಕುಕ್ಕಿ ಒಳಗೆ ಹೋದೆ.

ಒಳಗೆ ಹೋಗಿ ಹೊಸ ಹಾಳೆ ತೆಗೆದೆ. ಮೋಹನ ರಾಗ. ಸ್ಯಾಕ್ಸೋಫೋನ್ ನಾಲ್ಕೇ ಹೆಜ್ಜೆಯ ಒಂದು ಮಾತು ಆಡುತ್ತದೆ, ಏನನ್ನೋ ಕೇಳುವ ಹಾಗೆ. ಅದರ ಕೊನೆಯ ಸ್ವರ ಇನ್ನೂ ಇರುವಾಗಲೇ ಕ್ಲಾರಿನೆಟ್ಟುಗಳು ಅದೇ ಸ್ವರದಿಂದ ಎತ್ತಿಕೊಂಡು ಉತ್ತರ ಹೇಳುತ್ತವೆ. ಬೆಸುಗೆ ಎಲ್ಲಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಪ್ರಶ್ನೆ, ಕಾರ್ನೆಟ್ಟಿನ ಉತ್ತರ. ನಡುವೆ ಒಂದು ಆವರ್ತ ಬರೀ ಡ್ರಮ್ಮು. ಮಾವನವರು ಮಾತು ಶುರು ಮಾಡುವವರು, ಉಳಿದವರು ಅದನ್ನು ಮುಗಿಸುವವರು. ಯಜಮಾನರು ಹಾಳೆಯನ್ನು ಎರಡು ಸಲ ಓದಿದರು, ನನ್ನ ಮುಖ ನೋಡಿದರು. ಈ ಮದುವೆ ಕಾಲ ನೋಡೋಣ ಎಂದಷ್ಟೇ ಹೇಳಿ ತೆಗೆದುಕೊಂಡು ಹೋದರು.

ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಮೊದಲ ಸಲ ಊದಿದಾಗ ಕೋಟೆಯ ಬಸ್ಸು ನಿಂತುಬಿಟ್ಟಿತಂತೆ. ದಾರಿಗೆ ಅಡ್ಡ ಇದ್ದೀರೆಂದು ಬೈಯಲು ಇಳಿದ ಕಂಡಕ್ಟರು ಮಟ್ಟು ಮುಗಿಯುವವರೆಗೆ ಕೇಳಿ ಮತ್ತೆ ಹತ್ತಿದನಂತೆ. ಅಲ್ಲಿಂದ ಎಲ್ಲಾ ಕಡೆ ಅದೇ ಬೇಕು. ಕೇಳೋ ಹೇಳೋ ಮಟ್ಟು ಎಂದು ಜನರೇ ಹೆಸರಿಟ್ಟರು. ಬೇರೆ ಸೆಟ್ಟಿನವರು ಕದಿಯಲು ನೋಡಿದರು, ಆದರೆ ಅವರ ಸ್ಯಾಕ್ಸೋಫೋನಿನವನು ಗಟ್ಟಿಮುಟ್ಟಾದ ಹುಡುಗ. ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗಲಿಲ್ಲ. ಮುದುಕರ ಗತ್ತೇ ಬೇರೆ, ನಾಲ್ಕು ಸ್ವರ ಊದಿ ಸುಮ್ಮನಾಗುತ್ತಾರೆ ಎಂದು ಜನ ಹೊಗಳಿದರು. ನಾನು ಒಳಗೊಳಗೇ ಉಬ್ಬಿಹೋದೆ. ನಾಲ್ಕು ತಾಲ್ಲೂಕಿಗೂ ಟೋಪಿ ಹಾಕಿದೆ, ಮಾವನವರಿಗೂ ಗೊತ್ತಾಗದ ಹಾಗೆ ಅವರನ್ನು ಉಳಿಸಿದೆ ಎಂದುಕೊಂಡೆ.

ಆ ಕಾಲದ ಕೊನೆಯ ಮದುವೆ ಚುಂಚನಕಟ್ಟೆಯಲ್ಲಿ, ಅತ್ತೆಯವರ ತವರಿನದ್ದು. ನಮ್ಮ ಮನೆಯ ಹೆಂಗಸರೂ ಹೋಗಬೇಕು. ಎಂದರೆ ನಾನು ಬರೆದದ್ದನ್ನು ನಾನು ಮೊದಲ ಸಲ ಬೀದಿಯಲ್ಲಿ ಕೇಳುವುದು. ಬಿಲಹರಿಯಲ್ಲಿ ಹೊಸ ಮಟ್ಟು ಮಾಡಿದೆ, ಅದೇ ಕೇಳೋ ಹೇಳೋ ಬಗೆ. ಚರಣದಲ್ಲಿ ಮೂರು ಆವರ್ತದ ಒಂದು ಉದ್ದನೆಯ ಏರು ಇತ್ತು. ಅದನ್ನು ಐದು ತುಂಡು ಮಾಡಿ ಎಲ್ಲರಿಗೂ ಹಂಚಿದೆ. ಹಾಳೆ ವಾಪಸು ಬಂತು. ಆ ಏರಿನ ಮೇಲಿನ ಕೊಕ್ಕೆಗಳನ್ನೆಲ್ಲ ಮಸಿ ಅಳಿಸುವ ಗಟ್ಟಿ ರಬ್ಬರಿನಿಂದ ಉಜ್ಜಿ ಅಳಿಸಿದ್ದರು. ಕ್ಲಾರಿನೆಟ್ ಎಂದು ಬರೆದದ್ದನ್ನೂ ಅಳಿಸಿದ್ದರು. ಮೇಲೆ ಪೆನ್ಸಿಲಿನಲ್ಲಿ, ಇದು ಸ್ಯಾಕ್ಸೋಫೋನಿಗೆ, ಒಂದೇ ಉಸಿರು ಎಂದಿತ್ತು.

ಜನ ಹೊಗಳಿದ್ದು ತಲೆಗೆ ಹತ್ತಿದೆ ಎಂದುಕೊಂಡೆ. ಕೊಕ್ಕೆಗಳನ್ನು ಮತ್ತೆ ಹಾಕಿ ಕಳಿಸಿದೆ. ಮತ್ತೆ ಅಳಿಸಿ ಬಂತು, ಈ ಸಲ ಹಾಳೆ ತೂತು ಬೀಳುವಷ್ಟು ಉಜ್ಜಿದ್ದರು. ಅಲ್ಲಿಯವರೆಗೆ ನಾನು ಆ ಹಾಳೆಗಳಲ್ಲಿ ಸ್ವರ ಬಿಟ್ಟು ಒಂದು ಮಾತೂ ಬರೆದವಳಲ್ಲ. ಅಂದು ಸಿಟ್ಟು ನೆತ್ತಿಗೇರಿ ಅಂಚಿನಲ್ಲಿ ಬರೆದೇಬಿಟ್ಟೆ: ಮಾವನವರೇ, ಇದು ಇಪ್ಪತ್ತನಾಲ್ಕು ಹೆಜ್ಜೆ ಇದೆ, ಆಗುವುದಿಲ್ಲ. ಸಂಜೆ ಉತ್ತರ ಬಂತು. "ಆಯ್ತದೆ."

ಮದುವೆಯ ದಿನ ಇಳಿಹೊತ್ತು. ಗಂಡಿನ ಕಡೆಯವರು ನಾಲೆಯ ಏರಿಯ ಮೇಲೆ ಗಾಡಿ ಬಿಟ್ಟು ನಡೆದು ಬರುತ್ತಿದ್ದರು, ಮುಂದೆ ನಮ್ಮ ಸೆಟ್ಟು. ನಾವು ಹೆಂಗಸರು ಊರ ಬಾಗಿಲಲ್ಲಿ ಕಳಶ ಆರತಿ ಹಿಡಿದು ನಿಂತಿದ್ದೆವು. ಡ್ರಮ್ಮಿನವನ ಮುಖ ನಮ್ಮ ಕಡೆ, ನನ್ನ ಹಾಳೆ ಅವನ ಬೆನ್ನಲ್ಲಿ, ಅದರ ಹಿಂದೆ ಪೇಟ. ಸ್ಯಾಕ್ಸೋಫೋನ್ ಕೇಳಿತು, ಕ್ಲಾರಿನೆಟ್ಟುಗಳು ಹೇಳಿದವು. ನಾನು ಒಲೆಯ ಮುಂದೆ ಗುನುಗಿದ್ದು ಗದ್ದೆಗಳ ಮೇಲೆ ಹೋಗುತ್ತಿತ್ತು. ಖುಷಿಪಡಲೂ ನನಗೆ ಆಗಲಿಲ್ಲ. ಬಾಯಲ್ಲಿ ಹೆಜ್ಜೆ ಎಣಿಸುತ್ತಿದ್ದೆ. ಚರಣ ಹತ್ತಿರ ಬಂದ ಹಾಗೆ ಕೈಯಲ್ಲಿನ ಆರತಿ ತಟ್ಟೆ ವಾಲಿತು. ಅತ್ತೆಯವರು ತೋಳು ಚಿವುಟಿದರು. ಮಾವನವರು ಎಲ್ಲರ ಎದುರು, ತಮ್ಮ ಹೆಂಡತಿಯ ತವರಿನಲ್ಲಿ, ಉಸಿರು ಸಿಕ್ಕಿಕೊಂಡು ನಿಂತುಬಿಡುತ್ತಾರೆ ಎಂದು ನನಗೆ ಭಯ.

ಚರಣದ ಆ ಉದ್ದನೆಯ ಸಾಲಿಗೆ ಮುಂಚೆ ಒಂದು ಆವರ್ತ ಬರೀ ಡ್ರಮ್ಮು ಇತ್ತು. ಆ ಎಂಟು ಹೆಜ್ಜೆಯಲ್ಲಿ ಮಾವನವರು ನಡೆಯುತ್ತಲೇ ಸ್ಯಾಕ್ಸೋಫೋನ್ ನೇತುಹಾಕಿದ್ದ ಕೊರಳಿನ ಪಟ್ಟಿಯನ್ನು ಪೇಟದ ಮೇಲಿಂದ ಎತ್ತಿ ಮಗನ ಕೊರಳಿಗೆ ಹಾಕಿದರು. ಮಗನ ಕೈಯಲ್ಲಿದ್ದ ಕ್ಲಾರಿನೆಟ್ ತೆಗೆದು ತಮ್ಮ ಕಂಕುಳಿಗೆ ಇಟ್ಟುಕೊಂಡರು. ಏನಾಗುತ್ತಿದೆ ಎಂದು ಯಜಮಾನರಿಗೆ ತಿಳಿಯುವ ಮೊದಲೇ ಸಾಲು ಬಂದುಬಿಟ್ಟಿತು. ಯಜಮಾನರೇ ಊದಿದರು. ಇಪ್ಪತ್ತನಾಲ್ಕು ಹೆಜ್ಜೆ, ಒಂದೇ ಉಸಿರು, ಎಲ್ಲೂ ಅಲುಗದೆ ಮೇಲಿನ ಷಡ್ಜಕ್ಕೆ ಹೋಗಿ ನಿಂತರು. ವಾದ್ಯ ಬೆಚ್ಚಗೆ ಮಾಡುವಾಗ ಈ ಒಂದು ಸಾಲನ್ನೇ ಊದು ಎಂದು ಹತ್ತು ದಿನದಿಂದ ಮಾವನವರು ಮಗನಿಗೆ ಹೇಳುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಯಾಕೆಂದು ಮಗನಿಗೂ ಹೇಳಿರಲಿಲ್ಲ.

ಮಾವನವರು ಡ್ರಮ್ಮಿನವನನ್ನೂ ದಾಟಿ ಮುಂದೆ ಬಂದರು, ತೊಡೆಯ ಮೇಲೆ ತಾಳ ಹಾಕಿಕೊಂಡು. ಹೆಂಗಸರು ಸೆರಗು ಎಳೆದುಕೊಂಡು ಸರಿದರು. ನಾನೂ ಸರಿಯಲು ಹೋದೆ. ಅವರು ನನ್ನ ಎದುರಿಗೇ ಬಂದು ನಿಂತರು. ಅಷ್ಟು ವರ್ಷದಲ್ಲಿ ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಅದೇ ಮೊದಲು.

"ಇಷ್ಟ್ ದಿನ ನನ್ ಉಸ್ರು ಅಳ್ದು ಅಳ್ದು ಬರ್ದೆ ಕಣವ್ವ, ನಂಗೊತ್ತು," ಎಂದರು. "ಇನ್ಮೇಲೆ ಅವ್ನಿಗೆ ಬರಿ. ಅವ್ನಿಗೆ ಉದ್ದುಕ್ಕೆ ಬರಿ."

ಆಗಲಿ ಮಾವ ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು. ಬೀಗರ ಎದುರು, ಆರತಿ ತಟ್ಟೆ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಊರಿಗೆ ಬಂದ ಮಾರನೆಯ ದಿನ ಹೊಸ ಹಾಳೆ ತೆಗೆದು ಕೂತೆ. ನಾಲ್ಕನೇ ಹೆಜ್ಜೆಗೆ ಬಂದಾಗ ಕೈ ತಾನಾಗಿ ನಿಂತುಬಿಟ್ಟಿತು. ಇನ್ನೂ ಉಸಿರಿದೆ, ಮುಂದೆ ಹೋಗು ಎಂದು ಅದಕ್ಕೆ ನಾನೇ ಹೇಳಬೇಕಾಯಿತು. ಪಡಸಾಲೆಯಲ್ಲಿ ಮಾವನವರು ಕೆಮ್ಮುತ್ತಿದ್ದರು. ನಾನು ಬರೆದೆ.